ಅದಿರು ಅರೆಯುವ ಗುಂಡು: ಭಾರವಾದಷ್ಟೂ, ಗಟ್ಟಿಯಾದಷ್ಟೂ ಒಳ್ಳೆಯದೇ?

ದೊಡ್ಡ ಉಕ್ಕಿನ ಪೀಪಾಯಿಯೊಂದು ತಿರುಗುತ್ತಿರುತ್ತದೆ. ಒಳಗೆ ಸಾವಿರಾರು ಗುಂಡುಗಳು ಮೇಲಕ್ಕೆ ಏರಿ ಧಡಧಡನೆ ಕೆಳಗೆ ಬೀಳುತ್ತಿರುತ್ತವೆ, ಕಲ್ಲು ಪುಡಿಯಾಗುತ್ತಿರುತ್ತದೆ. ಇಂಥ ಅರ್ಧ ನಿಮಿಷದ ವಿಡಿಯೊಗಳು ನಿಮ್ಮ ಮೊಬೈಲಿಗೂ ಬಂದಿರಬಹುದು. ನೋಡುವುದಕ್ಕೆ ಚೆನ್ನಾಗಿರುತ್ತವೆ. ತೊಂದರೆ ಇರುವುದು ಅವುಗಳ ಜೊತೆ ಅಂಟಿಕೊಂಡು ಬರುವ ಮಾತುಗಳಲ್ಲಿ. ಗುಂಡು ಭಾರವಾದಷ್ಟೂ ಕೆಲಸ ಜಾಸ್ತಿ, ಹೊಸ ಆಕಾರದ ಗುಂಡು ಹಾಕಿದರೆ ಕರೆಂಟು ಅರ್ಧ ಸಾಕು, ಗಟ್ಟಿ ಲೋಹ ಹಾಕಿದರೆ ಮುಗಿಯಿತು, ನುಣ್ಣಗೆ ಅರೆದರೆ ಕೆಜಿಎಫ್ ಗುಡ್ಡದ ಮಣ್ಣಿನಲ್ಲೂ ಚಿನ್ನ ಸಿಗುತ್ತದೆ, ಹೀಗೆ.

ಕೇಳಿದ ಕೂಡಲೇ ನಿಜ ಅನ್ನಿಸುವ ಮಾತುಗಳಿವು. ಪೂರ್ತಿ ಸುಳ್ಳೂ ಅಲ್ಲ. ಆದರೆ ಒಂದೊಂದರಲ್ಲೂ ಅರ್ಧ ಮಾತ್ರ ಸತ್ಯವಿದೆ. ಉಳಿದ ಅರ್ಧ ಏನು ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಅದಿರನ್ನು ಅರೆಯುವುದು ಏಕೆ?

ಗಣಿಯಿಂದ ಬರುವ ಕಲ್ಲಿನಲ್ಲಿ ನಮಗೆ ಬೇಕಾದ ಲೋಹ ತುಂಬ ಕಡಿಮೆ. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಒಂದು ಟನ್ ಅದಿರಿನಿಂದ ಸಿಗುವ ಚಿನ್ನವನ್ನು ಲೆಕ್ಕ ಹಾಕುವುದು ಗ್ರಾಂಗಳಲ್ಲಿ. ಅದೂ ಕಣ್ಣಿಗೆ ಕಾಣದಷ್ಟು ಚಿಕ್ಕ ಕಣಗಳಾಗಿ ಕಲ್ಲಿನೊಳಗೆ ಸಿಕ್ಕಿಕೊಂಡಿರುತ್ತದೆ. ಆ ಕಣ ಹೊರಗೆ ಬರಬೇಕು, ಇಲ್ಲವೇ ಅದರ ಒಂದು ಮಗ್ಗುಲಾದರೂ ತೆರೆದುಕೊಳ್ಳಬೇಕು. ಆಗ ಮಾತ್ರ ಮುಂದಿನ ಹಂತದಲ್ಲಿ ರಾಸಾಯನಿಕ ಅದನ್ನು ಮುಟ್ಟುತ್ತದೆ.

ಕಡಲೆಕಾಯಿ ಚಿಕ್ಕಿಯನ್ನು ನೆನಪಿಸಿಕೊಳ್ಳಿ. ಎರಡು ತುಂಡು ಮಾಡಿದರೆ ಕಡಲೆಬೀಜ ಬೆಲ್ಲಕ್ಕೆ ಅಂಟಿಕೊಂಡೇ ಇರುತ್ತದೆ. ಇನ್ನಷ್ಟು ಕುಟ್ಟಿದರೆ ಬೀಜ ಬಿಡಿಬಿಡಿಯಾಗಿ ಆಯ್ದುಕೊಳ್ಳಬಹುದು. ಅದಕ್ಕೂ ಮೀರಿ ಕುಟ್ಟಿದರೆ ಬೆಲ್ಲವೂ ಬೀಜವೂ ಸೇರಿ ಪುಡಿಯಾಗಿ, ಏನನ್ನೂ ಬೇರ್ಪಡಿಸಲು ಬರುವುದಿಲ್ಲ. ಅದಿರಿನ ಕಥೆಯೂ ಇದೇ. ಮಧ್ಯದ ಆ ಹಂತವನ್ನು ಹಿಡಿಯುವುದೇ ಅರೆಯುವ ಕೆಲಸದ ಗುಟ್ಟು. ಅನೇಕ ಚಿನ್ನದ ಗಣಿಗಳಲ್ಲಿ ಆ ಹಂತ ಸುಮಾರು 75 ಮೈಕ್ರಾನ್, ಅಂದರೆ ನಮ್ಮ ತಲೆಗೂದಲಿನ ದಪ್ಪ.

ಕಲ್ಲನ್ನು ಕೂದಲಿನಷ್ಟು ಸಣ್ಣಗೆ ಮಾಡಲು ಬೇಕಾಗುವ ವಿದ್ಯುತ್ ಸಣ್ಣದಲ್ಲ. ಬಹುಪಾಲು ಅದಿರು ಘಟಕಗಳಲ್ಲಿ ಅತಿ ಹೆಚ್ಚು ಕರೆಂಟು ತಿನ್ನುವುದು ಈ ಅರೆಯುವ ಯಂತ್ರವೇ. ಆ ಶಕ್ತಿಯ ಬಹುಭಾಗ ಕಲ್ಲು ಒಡೆಯುವುದಕ್ಕಲ್ಲ, ಬಿಸಿಯಾಗಿಯೂ ಸದ್ದಾಗಿಯೂ ಹೋಗಿಬಿಡುತ್ತದೆ. ಆದ್ದರಿಂದಲೇ ಯಾವ ಗುಂಡು ಹಾಕಬೇಕು ಎಂಬ ಪ್ರಶ್ನೆಗೆ ಇಷ್ಟು ಬೆಲೆ.

ಪೀಪಾಯಿಯೊಳಗೆ ನಡೆಯುವುದೇನು?

ಈ ಯಂತ್ರಕ್ಕೆ ಬಾಲ್ ಮಿಲ್ ಎನ್ನುತ್ತಾರೆ. ಅಡ್ಡ ಮಲಗಿಸಿದ ಪೀಪಾಯಿಯ ಮೂರನೇ ಒಂದು ಭಾಗದಷ್ಟೋ, ಅದಕ್ಕಿಂತ ಸ್ವಲ್ಪ ಹೆಚ್ಚೋ ಗುಂಡು ತುಂಬಿರುತ್ತಾರೆ. ಅದಿರು ಮತ್ತು ನೀರು ಒಂದು ಕಡೆಯಿಂದ ಒಳಗೆ ಹೋಗಿ, ಕೆಸರಿನಂತಾಗಿ ಇನ್ನೊಂದು ಕಡೆಯಿಂದ ಹೊರಗೆ ಬರುತ್ತದೆ.

ಒಳಗೆ ಎರಡು ಬಗೆಯ ಕೆಲಸ ನಡೆಯುತ್ತದೆ. ಮೇಲಿನಿಂದ ಬೀಳುವ ಗುಂಡು ಕಲ್ಲನ್ನು ಜಜ್ಜುತ್ತದೆ. ಇದು ಒನಕೆಯ ಕೆಲಸ. ಒಂದರ ಮೇಲೊಂದು ಉರುಳುವ ಗುಂಡುಗಳ ನಡುವೆ ಸಿಕ್ಕ ಕಣ ಉಜ್ಜಿಹೋಗುತ್ತದೆ. ಇದು ಒರಳಿನ ರುಬ್ಬುಗುಂಡಿನ ಕೆಲಸ. ದಪ್ಪ ಕಲ್ಲಿಗೆ ಒನಕೆ ಬೇಕು, ನುಣುಪಿಗೆ ರುಬ್ಬುಗುಂಡು ಬೇಕು. ಅಡುಗೆಮನೆಯಲ್ಲಿ ಭತ್ತ ಕುಟ್ಟುವುದನ್ನೂ ದೋಸೆ ಹಿಟ್ಟು ರುಬ್ಬುವುದನ್ನೂ ಒಂದೇ ಸಲಕರಣೆಯಲ್ಲಿ ಮಾಡದಿರುವುದು ಇದೇ ಕಾರಣಕ್ಕೆ.

ಪೀಪಾಯಿಯನ್ನು ಜೋರಾಗಿ ತಿರುಗಿಸಿದರೆ ಕೆಲಸ ಬೇಗ ಆಗುತ್ತದೆ ಅನ್ನಿಸಬಹುದು. ಆಗುವುದಿಲ್ಲ. ಒಂದು ವೇಗ ದಾಟಿದರೆ ಗುಂಡುಗಳು ಗೋಡೆಗೆ ಅಂಟಿಕೊಂಡು ಅದರ ಜೊತೆಯೇ ಸುತ್ತುತ್ತವೆ, ಬೀಳುವುದೇ ಇಲ್ಲ. 3 ಮೀಟರ್ ಅಗಲದ ಪೀಪಾಯಿಗೆ ಆ ಮಿತಿ ನಿಮಿಷಕ್ಕೆ ಸುಮಾರು 24 ಸುತ್ತು. ಅದಕ್ಕೇ ಸಾಮಾನ್ಯವಾಗಿ ಆ ಮಿತಿಯ ಮುಕ್ಕಾಲು ಭಾಗದ ಆಸುಪಾಸಿನ ವೇಗದಲ್ಲಿ ಓಡಿಸುತ್ತಾರೆ. ವಿಡಿಯೊಗಳಲ್ಲಿ ಮಿಲ್ಲು ನಿಧಾನವಾಗಿ ತಿರುಗುವುದು ಕಂಡರೆ ಅದು ಹಳೆಯ ಯಂತ್ರ ಎಂದುಕೊಳ್ಳಬೇಡಿ.

ನಂಬಿಕೆ 1: ಗುಂಡು ದೊಡ್ಡದಾದಷ್ಟೂ ಒಳ್ಳೆಯದು

ಒಂದು ಸಣ್ಣ ಲೆಕ್ಕ ಮಾಡೋಣ. 100 ಮಿಲಿಮೀಟರ್ ಅಗಲದ ಉಕ್ಕಿನ ಗುಂಡು ಸುಮಾರು 4 ಕಿಲೋ ತೂಗುತ್ತದೆ. 25 ಮಿಲಿಮೀಟರಿನದು ಸುಮಾರು 64 ಗ್ರಾಂ. ಅಗಲ ನಾಲ್ಕು ಪಟ್ಟಾದರೆ ತೂಕ 64 ಪಟ್ಟು. ಹಾಗಾಗಿ ದೊಡ್ಡ ಗುಂಡಿನ ಒಂದು ಏಟು ಬಹಳ ಜೋರು. ಇಲ್ಲಿಯವರೆಗೆ ಫಾರ್ವರ್ಡ್ ಹೇಳುವುದು ಸರಿ.

ಈಗ ಇನ್ನೊಂದು ಮಗ್ಗುಲು. ಒಂದು ಟನ್ ಉಕ್ಕಿನಲ್ಲಿ 100 ಮಿಲಿಮೀಟರಿನ ಗುಂಡುಗಳು ಸುಮಾರು 245 ಮಾತ್ರ ಬರುತ್ತವೆ. 25 ಮಿಲಿಮೀಟರಿನವು 15,000ಕ್ಕಿಂತ ಹೆಚ್ಚು. ಉಜ್ಜುವುದಕ್ಕೆ ಸಿಗುವ ಮೈ ವಿಸ್ತೀರ್ಣ ದೊಡ್ಡ ಗುಂಡುಗಳಲ್ಲಿ 8 ಚದರ ಮೀಟರಿಗೂ ಕಡಿಮೆ, ಚಿಕ್ಕ ಗುಂಡುಗಳಲ್ಲಿ ಸುಮಾರು 31 ಚದರ ಮೀಟರ್. ತೂಕ ಅಷ್ಟೇ, ಉಜ್ಜುವ ಮೈ ನಾಲ್ಕು ಪಟ್ಟು.

ಅಂದರೆ ಒಳಗೆ ಹೋಗುವ ಕಲ್ಲು ದಪ್ಪವಿದ್ದರೆ ದೊಡ್ಡ ಗುಂಡು ಬೇಕು. ಚಿಕ್ಕ ಗುಂಡು ಅದರ ಮೇಲೆ ಬಿದ್ದು ಪುಟಿದು ಹೋಗುತ್ತದೆ, ಕಲ್ಲು ಒಡೆಯುವುದಿಲ್ಲ. ಕಲ್ಲು ಆಗಲೇ ಮರಳಿನಷ್ಟು ಸಣ್ಣದಾಗಿದ್ದರೆ ದೊಡ್ಡ ಗುಂಡು ದಂಡ. ಸಾಸಿವೆ ಅರೆಯಲು ಸುತ್ತಿಗೆ ಹಿಡಿದಂತೆ. ಏಟಿನ ಬಹುಪಾಲು ಶಕ್ತಿ ಪೀಪಾಯಿಯ ಒಳಗೋಡೆಯನ್ನೂ ಪಕ್ಕದ ಗುಂಡುಗಳನ್ನೂ ಸವೆಸುವುದಕ್ಕೆ ಹೋಗುತ್ತದೆ. ಆದ್ದರಿಂದಲೇ ಮಿಲ್ಲಿನಲ್ಲಿ ಬೇರೆ ಬೇರೆ ಗಾತ್ರದ ಗುಂಡುಗಳು ಬೆರೆತಿರುತ್ತವೆ. ಹಾಕಿದ ಗುಂಡು ಸವೆದು ಚಿಕ್ಕದಾಗುತ್ತಾ ಹೋಗುತ್ತದೆ, ಮೇಲಿಂದ ಹೊಸ ಗುಂಡು ಸೇರಿಸುತ್ತಾ ಹೋಗುತ್ತಾರೆ. ಕೆಲವು ತಿಂಗಳಲ್ಲಿ ಎಲ್ಲ ಗಾತ್ರದವೂ ತಾವಾಗಿಯೇ ಮಿಲ್ಲಿನಲ್ಲಿ ಇರುತ್ತವೆ.

ನಂಬಿಕೆ 2: ಗುಂಡನೆಯ ಆಕಾರ ಹಳೆಯದು, ಹೊಸ ಆಕಾರ ಕರೆಂಟು ಉಳಿಸುತ್ತದೆ

ಒಂದೇ ತೂಕದ ಲೋಹವನ್ನು ತೆಗೆದುಕೊಂಡರೆ ಅತಿ ಕಡಿಮೆ ಮೈ ಇರುವ ಆಕಾರವೇ ಗೋಳ. ಎತ್ತರ, ಅಗಲ ಎರಡೂ ಒಂದೇ ಇರುವ ಸಿಲಿಂಡರ್ ತುಂಡಿಗೆ ಗೋಳಕ್ಕಿಂತ ಸುಮಾರು 14 ಪ್ರತಿಶತ ಹೆಚ್ಚು ಮೈ ಇದೆ. ಘನಾಕೃತಿಗೆ ಸುಮಾರು 24 ಪ್ರತಿಶತ ಹೆಚ್ಚು. ಇದು ಬರೀ ರೇಖಾಗಣಿತ, ಯಾರೂ ಅಲ್ಲಗಳೆಯುವಂತಿಲ್ಲ. ಹೊಸ ಆಕಾರಗಳ ಪರವಾಗಿ ಹೇಳುವ ಮಾತಿನ ಬೇರು ಇಲ್ಲಿದೆ. ಸಿಲ್‌ಪೆಬ್ ಎಂಬ ಚಿಕ್ಕ ಸಿಲಿಂಡರ್ ತುಂಡುಗಳನ್ನು ಹಲವು ಕಡೆ ನಿಜವಾಗಿಯೂ ಬಳಸುತ್ತಾರೆ.

ಆದರೆ ಮೈ ಹೆಚ್ಚಿದ್ದ ಮಾತ್ರಕ್ಕೆ ಪುಡಿ ಹೆಚ್ಚುವುದಿಲ್ಲ. ಎರಡು ಗೋಳಗಳು ಒಂದಕ್ಕೊಂದು ತಾಗುವುದು ಒಂದು ಚುಕ್ಕಿಯಲ್ಲಿ. ಏಟಿನ ಬಲವೆಲ್ಲ ಆ ಚುಕ್ಕಿಯಲ್ಲಿ ಸೇರುತ್ತದೆ. ಸಿಲಿಂಡರುಗಳು ಗೆರೆಯಲ್ಲೋ, ಚಪ್ಪಟೆ ಮುಖದಲ್ಲೋ ತಾಗುತ್ತವೆ. ಬಲ ಹಂಚಿಹೋಗುತ್ತದೆ. ಗೋಳ ಸಲೀಸಾಗಿ ಉರುಳುತ್ತದೆ, ಚಪ್ಪಟೆ ಮುಖದ್ದು ಜಾರುತ್ತದೆ, ಸಿಕ್ಕಿಕೊಳ್ಳುತ್ತದೆ. ಘನಾಕೃತಿಯ ಮೂಲೆಗಳಂತೂ ಮೊದಲು ಸವೆಯುತ್ತವೆ. ದಿನ ಕಳೆದಂತೆ ಅದೂ ಗುಂಡಗಾಗುತ್ತದೆ.

ಗೋಳ ಮತ್ತು ಸಿಲಿಂಡರುಗಳನ್ನು ಹೋಲಿಸಿದ ಪ್ರಯೋಗಗಳಲ್ಲಿ ಕಾಣುವ ವ್ಯತ್ಯಾಸ ಸಾಮಾನ್ಯವಾಗಿ ಚಿಕ್ಕದು. ಹೋಲಿಸುವಾಗ ಯಾವುದನ್ನು ಸಮನಾಗಿ ಇಟ್ಟರು, ತೂಕವನ್ನೋ ಮೈ ವಿಸ್ತೀರ್ಣವನ್ನೋ ಎಂಬುದರ ಮೇಲೆ ಗೆಲ್ಲುವವರು ಬದಲಾಗಬಹುದು. ಆದ್ದರಿಂದ 'ಅರ್ಧ ಕರೆಂಟು' ಎಂಬ ಮಾತು ಬಂದಾಗ ಮೊದಲು ಕೇಳಬೇಕಾದದ್ದು: ಏನನ್ನು ಸಮ ಮಾಡಿಕೊಂಡು ಹೋಲಿಸಿದ್ದೀರಿ?

ಆಕಾರ ನಿಜಕ್ಕೂ ದೊಡ್ಡ ವ್ಯತ್ಯಾಸ ಮಾಡುವ ಒಂದು ಜಾಗ ಇದೆ. ಅದು ಗುಂಡಿನ ಬದಲು ಉದ್ದನೆಯ ಉಕ್ಕಿನ ಸರಳು ಹಾಕುವ ರಾಡ್ ಮಿಲ್. ಎರಡು ಸರಳುಗಳ ನಡುವೆ ದಪ್ಪ ಕಣವೊಂದು ಸಿಕ್ಕರೆ ಅದು ಸರಳುಗಳನ್ನು ದೂರ ಹಿಡಿದಿರುತ್ತದೆ. ಪಕ್ಕದ ಸಣ್ಣ ಕಣಗಳಿಗೆ ಏಟು ಬೀಳುವುದಿಲ್ಲ. ಹೀಗೆ ದಪ್ಪದ್ದು ಮೊದಲು ಒಡೆಯುತ್ತದೆ, ಸಣ್ಣದ್ದು ಉಳಿದುಕೊಳ್ಳುತ್ತದೆ. ಅತಿಯಾಗಿ ಪುಡಿಯಾಗುವುದು ತಪ್ಪುತ್ತದೆ. ಚಿಕ್ಕಿಯ ಮಾತಿನಲ್ಲಿ ಹೇಳುವುದಾದರೆ ಬೀಜ ಪುಡಿಯಾಗದೆ ಬಿಡಿಯಾಗುತ್ತದೆ. ಇದಕ್ಕೂ ಮಿತಿ ಉಂಟು. ಸರಳು ಸುಮಾರು 6 ಮೀಟರ್ ದಾಟಿದರೆ ಬಾಗಿ ಒಂದಕ್ಕೊಂದು ಹೆಣೆದುಕೊಳ್ಳುತ್ತದೆ. ತುಂಬ ನುಣುಪು ಬೇಕಾದಾಗಲೂ ರಾಡ್ ಮಿಲ್ ಸಾಲದು.

ನಂಬಿಕೆ 3: ಗಟ್ಟಿ ಲೋಹ ಹಾಕಿದರೆ ಸಾಕು, ಗುಂಡು ಅದಿರಿಗೆ ಏನೂ ಮಾಡುವುದಿಲ್ಲ

ಹೆಚ್ಚು ಜನರಿಗೆ ಗೊತ್ತಿಲ್ಲದ ವಿಷಯ ಇದು. ಅದಿರು ಮಾತ್ರ ಸವೆಯುವುದಿಲ್ಲ, ಗುಂಡೂ ಸವೆಯುತ್ತದೆ. ಒಂದು ಟನ್ ಗಟ್ಟಿ ಅದಿರು ಅರೆಯುವಾಗ ಅರ್ಧ ಕಿಲೋದಿಂದ ಒಂದು ಕಿಲೋದಷ್ಟು ಉಕ್ಕು ಸವೆಯುವುದು ಸಾಮಾನ್ಯ. ದಿನಕ್ಕೆ 3,000 ಟನ್ ಅರೆಯುವ ಘಟಕವಾದರೆ ದಿನವೂ ಒಂದೂವರೆಯಿಂದ ಮೂರು ಟನ್ ಉಕ್ಕು. ಅದೆಲ್ಲ ಎಲ್ಲಿಗೆ ಹೋಯಿತು? ಆ ಕೆಸರಿನೊಳಗೇ.

ಕೆಸರಿನಲ್ಲಿ ಸೇರಿದ ಕಬ್ಬಿಣ ಸುಮ್ಮನೆ ಕೂರುವುದಿಲ್ಲ. ಹಟ್ಟಿಯ ಅದಿರಿನಲ್ಲಿ ಚಿನ್ನದ ಜೊತೆ ಆರ್ಸೆನೋಪೈರೈಟ್, ಪೈರೈಟ್‌ನಂಥ ಗಂಧಕದ ಖನಿಜಗಳೂ ಇವೆ. ಇಂಥ ಖನಿಜ ಮತ್ತು ಉಕ್ಕು ಎರಡೂ ನೀರಿನಲ್ಲಿ ಒಂದಕ್ಕೊಂದು ತಾಗಿದಾಗ ಒಂದು ಪುಟ್ಟ ಬ್ಯಾಟರಿಯೇ ಆಗಿಬಿಡುತ್ತದೆ. ಉಕ್ಕು ಬೇಗ ಕರಗುತ್ತದೆ, ನೀರಿನಲ್ಲಿದ್ದ ಆಮ್ಲಜನಕ ಖರ್ಚಾಗುತ್ತದೆ, ತುಕ್ಕಿನಂಥ ಪದರವೊಂದು ಖನಿಜದ ಮೈಗೆ ಬಳಿದುಕೊಳ್ಳುತ್ತದೆ.

ಇದರಿಂದ ನಷ್ಟ ಎರಡು ಕಡೆ. ಸಯನೈಡ್ ದ್ರಾವಣದಲ್ಲಿ ಚಿನ್ನ ಕರಗಬೇಕಾದರೆ ಆಮ್ಲಜನಕ ಬೇಕೇ ಬೇಕು. ಅದನ್ನು ಕಬ್ಬಿಣ ತಿಂದುಬಿಟ್ಟರೆ ಚಿನ್ನ ಕರಗುವುದು ನಿಧಾನವಾಗುತ್ತದೆ. ಕರಗಿದ ಕಬ್ಬಿಣ ಸಯನೈಡನ್ನೂ ಹೀರಿಕೊಳ್ಳುತ್ತದೆ. ತಾಮ್ರ, ಸೀಸ, ಸತುವಿನ ಅದಿರುಗಳಲ್ಲಿ ಖನಿಜವನ್ನು ನೊರೆಗುಳ್ಳೆಗಳಿಗೆ ಅಂಟಿಸಿ ತೇಲಿಸುತ್ತಾರೆ. ಮೈಮೇಲೆ ತುಕ್ಕಿನ ಪದರ ಇದ್ದರೆ ಆ ಕಣ ಗುಳ್ಳೆಗೆ ಅಂಟದೆ ತ್ಯಾಜ್ಯದ ಜೊತೆ ಹೋಗುತ್ತದೆ. ಚೆನ್ನಾಗಿ ಅರೆದರೂ ಲೋಹ ಕೈತಪ್ಪುತ್ತದೆ.

ಇದಕ್ಕೆ ಪರಿಹಾರವಾಗಿ ಕ್ರೋಮಿಯಂ ಹೆಚ್ಚಿರುವ ಎರಕದ ಗುಂಡು ಬಳಸುತ್ತಾರೆ. ಅದು ನಿಧಾನವಾಗಿ ಸವೆಯುತ್ತದೆ, ತುಕ್ಕೂ ಕಡಿಮೆ. ಆದರೆ ಬೆಲೆ ಜಾಸ್ತಿ. ಅತಿ ಗಟ್ಟಿ ವಸ್ತುಗಳಿಗೆ ಬಿರುಸು ಹೆಚ್ಚು, ದೊಡ್ಡ ಮಿಲ್ಲಿನಲ್ಲಿ ಎತ್ತರದಿಂದ ಬಿದ್ದಾಗ ಸೀಳುವ ಅಪಾಯ ಇದೆ. ಅಲ್ಲಿ ಬಡಿದು ಮಾಡಿದ ಉಕ್ಕಿನ ಗುಂಡೇ ವಾಸಿ. ಅಗ್ಗದ ಗುಂಡಿನಲ್ಲಿ ಹೊರಗೆ ಗಟ್ಟಿ, ಒಳಗೆ ಮೆದು ಇದ್ದರೆ ಅದು ಗುಂಡಗೆ ಸವೆಯದೆ ಒಂದು ಕಡೆ ಚಪ್ಪಟೆಯಾಗುತ್ತದೆ. ವಸ್ತುವಿನ ತಪ್ಪು ಆಕಾರದ ತಪ್ಪಾಗಿಯೂ ಬದಲಾಗುವುದು ಹೀಗೆ.

ಕಬ್ಬಿಣವೇ ಬೇಡ ಎಂದರೆ ಸೆರಾಮಿಕ್ ಮಣಿಗಳಿವೆ. ಅವು ಕಬ್ಬಿಣ ಬಿಡುವುದಿಲ್ಲ. ಆದರೆ ಅಲ್ಯುಮಿನಾ ಸೆರಾಮಿಕ್‌ನ ಸಾಂದ್ರತೆ ಉಕ್ಕಿನ ಅರ್ಧಕ್ಕಿಂತಲೂ ಸ್ವಲ್ಪ ಕಡಿಮೆ. ತಿರುಗುವ ಪೀಪಾಯಿಯಲ್ಲಿ ಬಿದ್ದಾಗ ಏಟು ಸಾಲುವುದಿಲ್ಲ. ಅದಕ್ಕಾಗಿ ಯಂತ್ರವನ್ನೇ ಬದಲಾಯಿಸಬೇಕಾಯಿತು. ಆಸ್ಟ್ರೇಲಿಯಾದ ಮೆಕಾರ್ಥರ್ ರಿವರ್ ಗಣಿಯ ಸೀಸ, ಸತುವಿನ ಅದಿರು ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿನ ಕಣಗಳು ಎಷ್ಟು ಸೂಕ್ಷ್ಮವಾಗಿ ಹೆಣೆದುಕೊಂಡಿದ್ದವೆಂದರೆ ಸುಮಾರು 7 ಮೈಕ್ರಾನಿನವರೆಗೆ ಅರೆಯಬೇಕಿತ್ತು. ಬಾಲ್ ಮಿಲ್ಲಿನಲ್ಲಿ ಅದು ಲಾಭವಿಲ್ಲದ ಕೆಲಸ. 1990ರ ದಶಕದಲ್ಲಿ ಅಲ್ಲಿನವರು ಚಿಕ್ಕ ಚಿಕ್ಕ ಕಣಗಳನ್ನು ವೇಗವಾಗಿ ಕಲಕುವ ಐಸಾಮಿಲ್ ಎಂಬ ಯಂತ್ರ ತಂದರು. ಅದರಲ್ಲಿ ಮೊದಮೊದಲು ಹಾಕಿದ್ದು ಮರಳು, ಕುಲುಮೆಯ ಕಿಟ್ಟದಂಥ ಅಗ್ಗದ ವಸ್ತುಗಳನ್ನು. ಸೆರಾಮಿಕ್ ಮಣಿ ಬಂದದ್ದು ಆಮೇಲೆ. ಏಟಿನ ಬಲ ಅಲ್ಲಿ ತೂಕದಿಂದಲ್ಲ, ವೇಗದಿಂದ ಬರುತ್ತದೆ.

ಇದಕ್ಕೂ ಸರಳ ದಾರಿ ಒಂದಿದೆ. ಗುಂಡೇ ಬೇಡ, ಅದಿರಿನ ದಪ್ಪ ಕಲ್ಲುಗಳೇ ಸಣ್ಣ ಕಲ್ಲುಗಳನ್ನು ಅರೆಯಲಿ ಎಂಬುದು. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಗಳಲ್ಲಿ ಈ ಪದ್ಧತಿ ಬಹಳ ಕಾಲ ನಡೆದಿದೆ. ಗುಂಡಿನ ಖರ್ಚಿಲ್ಲ, ಕಬ್ಬಿಣದ ತಾಪತ್ರಯವಿಲ್ಲ. ಆದರೆ ಅದಿರು ಸ್ವತಃ ಗಟ್ಟಿಯಾಗಿರಬೇಕು.

ನಂಬಿಕೆ 4: ನುಣ್ಣಗೆ ಅರೆದಷ್ಟೂ ಚಿನ್ನ ಜಾಸ್ತಿ

ಕರ್ನಾಟಕದಲ್ಲಿ ಹೆಚ್ಚು ಓಡಾಡುವ ಮಾತು ಇದು. ಅದಕ್ಕೆ ಕಾರಣ ಕೋಲಾರದ ಚಿನ್ನದ ಗಣಿ. 1880ರಿಂದ 2001ರ ಫೆಬ್ರುವರಿವರೆಗೆ ನಡೆದ ಗಣಿಯಿಂದ ಸುಮಾರು 800 ಟನ್ ಚಿನ್ನ ಬಂತು. ಆರಂಭದ ದಿನಗಳಲ್ಲಿ ಅಲ್ಲಿ ಅದಿರನ್ನು ಕುಟ್ಟುತ್ತಿದ್ದದ್ದು ಸ್ಟ್ಯಾಂಪ್ ಮಿಲ್, ಅಂದರೆ ಸಾಲಾಗಿ ನಿಲ್ಲಿಸಿದ ಕಬ್ಬಿಣದ ಒನಕೆಗಳು. ಅರೆದು ಚಿನ್ನ ತೆಗೆದ ಮೇಲೆ ಉಳಿದ ಪುಡಿ ಇವತ್ತು ಗುಡ್ಡಗಳಾಗಿ ನಿಂತಿದೆ. ಸುಮಾರು 3.3 ಕೋಟಿ ಟನ್. ಜನ ಅದನ್ನು ಸಯನೈಡ್ ಗುಡ್ಡ ಎನ್ನುತ್ತಾರೆ.

ಆ ಗುಡ್ಡಗಳಲ್ಲಿ ಚಿನ್ನ ಉಳಿದಿರುವುದು ನಿಜ. ಒಂದು ಕಾರಣ ನಾವು ಮೇಲೆ ನೋಡಿದ್ದೇ: ಕೆಲವು ಕಣಗಳು ಕಲ್ಲಿನೊಳಗೆ ಮುಚ್ಚಿಕೊಂಡೇ ಉಳಿದವು, ರಾಸಾಯನಿಕ ಅವನ್ನು ಮುಟ್ಟಲಿಲ್ಲ. ಆದರೆ ಎಷ್ಟು ಉಳಿದಿದೆ? ಒಂದು ಟನ್ನಿಗೆ ಸರಾಸರಿ ಒಂದು ಗ್ರಾಂಗೂ ಕಡಿಮೆ. ಕೋಟಿಗಟ್ಟಲೆ ಟನ್ ಸಂಸ್ಕರಿಸುವ ದೊಡ್ಡ ಘಟಕಕ್ಕೆ ಮಾತ್ರ ಇದು ಲೆಕ್ಕಕ್ಕೆ ಬರುವ ಪ್ರಮಾಣ.

ಇನ್ನಷ್ಟು ನುಣ್ಣಗೆ ಅರೆಯುವ ಖರ್ಚನ್ನೂ ನೋಡಿ. ಅದಿರಿನ ಗಟ್ಟಿತನದಿಂದ ವಿದ್ಯುತ್ ಲೆಕ್ಕ ಹಾಕುವ ಸೂತ್ರವನ್ನು ಫ್ರೆಡ್ ಬಾಂಡ್ 1952ರಲ್ಲಿ ಕೊಟ್ಟರು. ಅದು ಇಂದಿಗೂ ಬಳಕೆಯಲ್ಲಿದೆ. ಮಧ್ಯಮ ಗಟ್ಟಿಯ ಅದಿರಿಗೆ ಆ ಸೂತ್ರ ಹಾಕಿದರೆ, 10 ಮಿಲಿಮೀಟರಿನ ಕಲ್ಲನ್ನು 150 ಮೈಕ್ರಾನಿಗೆ ಇಳಿಸಲು ಟನ್ನಿಗೆ ಸುಮಾರು 11 ಯೂನಿಟ್ ಬೇಕು. 75 ಮೈಕ್ರಾನಿಗೆ ಇಳಿಸಲು ಸುಮಾರು 16 ಯೂನಿಟ್. ದಿನಕ್ಕೆ 3,000 ಟನ್ನಿಗೆ ಈ ವ್ಯತ್ಯಾಸವೇ 15,000 ಯೂನಿಟ್. ಹೆಚ್ಚು ಸಿಗುವ ಚಿನ್ನ ಈ ಖರ್ಚನ್ನು ಮೀರಬೇಕು. ಮೀರದಿದ್ದರೆ ಅರೆಯುವುದನ್ನು ಅಲ್ಲಿಗೇ ನಿಲ್ಲಿಸುವುದು ಜಾಣತನ.

ಹಣಕ್ಕಿಂತ ದೊಡ್ಡ ವಿಷಯ ಆರೋಗ್ಯದ್ದು. ಗಾಳಿಕಾಲದಲ್ಲಿ ಈ ಗುಡ್ಡಗಳ ಧೂಳು ಮನೆಯೊಳಗೆ ನುಗ್ಗುತ್ತದೆ ಎಂಬುದು ಕೆಜಿಎಫ್ ಜನರ ಹಳೆಯ ದೂರು. ಪುಡಿ ನುಣುಪಾದಷ್ಟೂ ಗಾಳಿಯಲ್ಲಿ ತೇಲುತ್ತದೆ. ಕೆಲವೇ ಮೈಕ್ರಾನ್ ಗಾತ್ರದ ಕಣಗಳು ಶ್ವಾಸಕೋಶದ ತಳದವರೆಗೆ ಹೋಗಿ ಕೂರುತ್ತವೆ. ಬಿಳಿಗಲ್ಲಿನ ಧೂಳು ಹೀಗೆ ಕೂತರೆ ಬರುವ ಕಾಯಿಲೆ ಸಿಲಿಕೋಸಿಸ್. ಗಣಿ ಕಾರ್ಮಿಕರನ್ನು ತಲೆಮಾರುಗಳಿಂದ ಕಾಡಿದ ಈ ಕಾಯಿಲೆಗೆ ಗುಣಪಡಿಸುವ ಔಷಧ ಇಲ್ಲ. ಬಾಲ್ ಮಿಲ್ಲಿನಲ್ಲಿ ನೀರು ಹಾಕಿ ಅರೆಯುವುದರಿಂದ ಧೂಳು ಏಳುವುದಿಲ್ಲ. ಮನೆಯ ಹಿಂದೆ ಒಣಗಿದ್ದನ್ನೇ ಅರೆಯುವವರಿಗೆ ಆ ರಕ್ಷಣೆ ಇಲ್ಲ.

ಇದು ಬರೀ ಹೆದರಿಕೆಯ ಮಾತಲ್ಲ. 2010ರಲ್ಲಿ ನೈಜೀರಿಯಾದ ಜಂಫಾರಾ ಪ್ರಾಂತ್ಯದ ಹಳ್ಳಿಗಳಲ್ಲಿ ಜನ ಚಿನ್ನದ ಅದಿರನ್ನು ಮನೆಗೆ ತಂದು, ಕಾಳು ಬೀಸುವ ಹಿಟ್ಟಿನ ಯಂತ್ರದಲ್ಲಿ ಅರೆದರು. ಆ ಅದಿರಿನಲ್ಲಿ ಸೀಸ ಹೆಚ್ಚಿತ್ತು. ಧೂಳು ಅಂಗಳದಲ್ಲಿ, ಆಟವಾಡುವ ಮಕ್ಕಳ ಕೈಯಲ್ಲಿ, ಊಟದಲ್ಲಿ ಸೇರಿತು. 400ಕ್ಕೂ ಹೆಚ್ಚು ಮಕ್ಕಳು ಸತ್ತರು ಎಂದು ಅಂದಾಜಿಸಲಾಗಿದೆ. ಕೋಲಾರದ ಮಣ್ಣೂ ಅದೇ ಬಗೆಯದ್ದು ಎಂದು ನಾವು ಹೇಳುತ್ತಿಲ್ಲ. ಅದಿರಿನಲ್ಲಿ ಚಿನ್ನದ ಜೊತೆ ಇನ್ನೇನಿದೆ ಎಂದು ತಿಳಿಯದೆ ಅದನ್ನು ಪುಡಿ ಮಾಡಿದರೆ ಏನಾಗಬಹುದು ಎಂಬುದಕ್ಕೆ ಇದು ಉದಾಹರಣೆ.

ಒಟ್ಟಾರೆ ಹೇಳುವುದಾದರೆ

ಎಲ್ಲ ಅದಿರಿಗೂ ಸರಿಹೊಂದುವ ಒಂದು ಗುಂಡು ಇಲ್ಲ. ಕಲ್ಲು ಎಷ್ಟು ದಪ್ಪ, ಎಷ್ಟು ಗಟ್ಟಿ, ಬೇಕಾದ ಖನಿಜ ಯಾವ ಗಾತ್ರದಲ್ಲಿ ಬಿಡಿಯಾಗುತ್ತದೆ, ಮುಂದಿನ ಹಂತದಲ್ಲಿ ಯಾವ ರಾಸಾಯನಿಕ ಬರುತ್ತದೆ ಎಂಬುದನ್ನು ನೋಡಿ ಗುಂಡಿನ ಗಾತ್ರ, ಆಕಾರ, ವಸ್ತು ಮೂರನ್ನೂ ಆರಿಸುತ್ತಾರೆ. ಒಂದನ್ನು ಬದಲಾಯಿಸಿದರೆ ಉಳಿದೆರಡರ ಲೆಕ್ಕವೂ ಬದಲಾಗುತ್ತದೆ.

ಇನ್ನೊಮ್ಮೆ ಇಂಥ ವಿಡಿಯೊ ಬಂದಾಗ ಕಳುಹಿಸಿದವರನ್ನು ಮೂರು ಪ್ರಶ್ನೆ ಕೇಳಿ. ಯಾವ ಅದಿರು? ಯಾವ ಗಾತ್ರದಿಂದ ಯಾವ ಗಾತ್ರಕ್ಕೆ? ಸವೆದ ಗುಂಡು ಎಲ್ಲಿಗೆ ಹೋಯಿತು? ಈ ಮೂರಕ್ಕೂ ಉತ್ತರವಿಲ್ಲದ ಮಾತನ್ನು ಮುಂದಕ್ಕೆ ಕಳುಹಿಸುವ ಅಗತ್ಯವಿಲ್ಲ. ಅದರಲ್ಲೂ ಗುಡ್ಡದ ಮಣ್ಣು ತಂದು ಮನೆಯಲ್ಲೇ ಅರೆಯಿರಿ ಎನ್ನುವ ಸಂದೇಶ ಬಂದರೆ ಅದು ನಿಮ್ಮ ಮೊಬೈಲಿನಲ್ಲೇ ನಿಲ್ಲಲಿ. ಕಳುಹಿಸಿದವರಿಗೆ ಅದರ ಅಪಾಯವನ್ನೂ ತಿಳಿಸಿ.